ಜೋಗದ ತುಂತುರಲ್ಲಿ ಸ್ಕೆಚ್‌ಬುಕ್ ಬಿಚ್ಚಬಹುದಾ?

ಪ್ರಶ್ನೆ: ನಾನು ಸಾಗರದವಳು. ರಜೆ ಸಿಕ್ಕಾಗ ಸ್ಕೆಚ್‌ಬುಕ್ ಹಿಡಿದು ಜೋಗಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ ಜಲವರ್ಣ ಒಣಗುವುದೇ ಇಲ್ಲ. ಕಾಗದ ಸುಕ್ಕಾಗುತ್ತದೆ, ಇಂಕಿನ ಗೆರೆ ಕದಡಿ ಹೋಗುತ್ತದೆ. ದುಬಾರಿ ಪುಸ್ತಕ ಸುಮ್ನೆ ಹಾಳಾಗುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ದುಬಾರಿ ಪುಸ್ತಕವನ್ನು ಮನೆಯಲ್ಲಿಡಿ. ಹಾಳಾದೀತು ಅನ್ನುವ ಭಯ ಇದ್ದರೆ ಪ್ರಯೋಗಕ್ಕೆ ಕೈ ಏಳುವುದಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಜಲವರ್ಣದ ಹಾಳೆ ತಂದು, ಅಂಗೈ ಅಗಲದ ತುಂಡು ಮಾಡಿ, ರಟ್ಟಿಗೆ ಕ್ಲಿಪ್ ಹಾಕಿಕೊಳ್ಳಿ. ತೆಳು ಕಾಗದ ನೀರು ಕುಡಿದರೆ ಸುಕ್ಕಾಗಲೇಬೇಕು. ತುಂಡುಗಳು ಒಣಗಿದ ಮೇಲೆ ಪುಸ್ತಕಕ್ಕೆ ಅಂಟಿಸಿದರಾಯಿತು.

ಗಾಳಿಯಲ್ಲೇ ತೇವ ತುಂಬಿರುವಾಗ ಕಾಗದದ ನೀರು ಆರುವುದಾದರೂ ಹೇಗೆ, ಅಲ್ವಾ? ಅದಕ್ಕೆ ಜೋಗದಲ್ಲಿ ಮೇಣವನ್ನು ಮುಂದೆ ಬಿಡಿ. ಬಿಳಿ ಕ್ರೇಯಾನ್ ಅಥವಾ ಮೇಣದಬತ್ತಿಯ ತುಂಡಿನಿಂದ ನೀರಿನ ಧಾರೆಗಳನ್ನು ಉಜ್ಜಿ. ಅದರ ಮೇಲೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದು ಬಣ್ಣವನ್ನು ಒಂದೇ ಸಲ ಎಳೆಯಿರಿ. ಮೇಣ ನೀರನ್ನು ದೂರ ತಳ್ಳುತ್ತದೆ, ಧಾರೆ ಬೆಳ್ಳಗೆ ಉಳಿಯುತ್ತದೆ, ಬಂಡೆ ಕಪ್ಪಾಗುತ್ತದೆ. ಇಲ್ಲಿ ಕೈಗೂ ಒಳ್ಳೆ ಅಭ್ಯಾಸ ಸಿಗುತ್ತದೆ. ರಾಜಾ ಧಾರೆಗೆ ನೇರ ಒಂದೇ ಎಳೆತ. ರಾಣಿ ಬಂಡೆಯ ಮೈ ಸವರಿಕೊಂಡು ಇಳಿಯುವವಳು, ಕ್ರೇಯಾನನ್ನು ಅಡ್ಡ ಮಲಗಿಸಿ ಹಗುರಾಗಿ ಉಜ್ಜಿ. ರಾಕೆಟ್‌ಗೆ ಚಿಮ್ಮುವ ತುಂಡು ತುಂಡು ಗೆರೆ. ಮಳೆ ಜೋರಾಗಿ ಎಲ್ಲ ಒಂದೇ ಬಿಳಿ ಪರದೆಯಾದ ದಿನ ಈ ವ್ಯತ್ಯಾಸ ಕಾಣುವುದಿಲ್ಲ. ಮಳೆ ಸ್ವಲ್ಪ ಇಳಿದ ಮೇಲೆ ಹೋಗಿ.

ಇಂಕಿನ ವಿಷಯ. ಫೌಂಟನ್ ಪೆನ್ನಿನ ಇಂಕು ಹೆಚ್ಚಾಗಿ ನೀರಲ್ಲಿ ಕರಗುವಂಥದ್ದು. ಕದಡಬಾರದೆಂದರೆ ಪಿಗ್ಮೆಂಟ್ ಇಂಕಿನ ಪೆನ್ನು ಕೊಳ್ಳಿ, ಇಲ್ಲವೇ ಬಾಲ್‌ಪೆನ್ ಹಿಡಿಯಿರಿ. ಅಗ್ಗದ್ದೆಂದು ಬಾಲ್‌ಪೆನ್ನನ್ನು ಜನ ಕಡೆಗಣಿಸುತ್ತಾರೆ. ಒತ್ತಡ ಬದಲಿಸುತ್ತ ಹೋದರೆ ಪೆನ್ಸಿಲ್ಲಿನಷ್ಟೇ ನಯವಾದ ನೆರಳು ಬರುತ್ತದೆ. ಕದಡುವ ಇಂಕನ್ನೂ ಎಸೆಯಬೇಡಿ. ಗೆರೆ ಎಳೆದು ಒದ್ದೆ ಕುಂಚ ಆಡಿಸಿ, ನೆರಳು ತಾನಾಗಿ ಹರಡುತ್ತದೆ.

ಪ್ರತಿ ಪುಟದ ಮೂಲೆಯಲ್ಲಿ ಯಾವ ಕಾಗದ, ಯಾವ ಬಣ್ಣ, ಮಳೆಯೋ ಬಿಸಿಲೋ ಎಂದು ಬರೆದಿಡಿ. ನನ್ನ ಕೇಳಿದರೆ ಚಿತ್ರಕ್ಕಿಂತ ಆ ಬರಹವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮನೆಗೆ ಬಂದ ಕೂಡಲೇ ಬಣ್ಣದ ಡಬ್ಬಿಯನ್ನು ತೆರೆದಿಟ್ಟು ಒಣಗಿಸಿ, ಮಲೆನಾಡಿನಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.

ಪ್ರಶ್ನೆ: ಬಾದಾಮಿ ಕಡೆಯ ಕೆಂಪು ಮಣ್ಣಿನಿಂದ ಬಣ್ಣ ಮಾಡಬಹುದೇ? ಅರಿಶಿನ, ಹೂವಿನ ರಸ ಹೇಗೆ?

ಉತ್ತರ: ಖಂಡಿತ ಮಾಡಬಹುದು. ಆದರೆ ಗುಹೆ, ಸ್ಮಾರಕಗಳ ಆವರಣದಿಂದ ಚಿಟಿಕೆಯನ್ನೂ ಎತ್ತಬೇಡಿ, ಹೊಲದ ಬದುವಿನದು ಸಾಕು. ಮಣ್ಣನ್ನು ಪುಡಿ ಮಾಡಿ ನೀರಲ್ಲಿ ಕಲಕಿ. ದಪ್ಪ ಮರಳು ತಳ ಸೇರಿದ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಅದು ನಿಂತು ಕೆಳಗುಳಿದ ನುಣುಪಾದ ಕೆಸರೇ ನಿಮ್ಮ ಬಣ್ಣ. ಒಣಗಿಸಿ ಅರೆಯಿರಿ. ಬಣ್ಣ ಕಾಗದಕ್ಕೆ ಹಿಡಿಯಲು ಅಂಗಡಿಯ ಗೋಂದನ್ನು ರಾತ್ರಿ ನೆನೆಸಿ, ಸೋಸಿ, ಒಂದೆರಡು ಹನಿ ಜೇನು ಸೇರಿಸಿ ಕಲಸಿ. ಜೇನು ಬಣ್ಣ ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿದರೆ ಗೋಂದು ಸಾಲಲಿಲ್ಲ ಎಂದರ್ಥ.

ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಅರಿಶಿನ ಮತ್ತು ಹೂವಿನ ರಸ ಮಾಸುತ್ತವೆ. ನಂಬಿಕೆ ಬರದಿದ್ದರೆ ಎರಡನ್ನೂ ಬಳಿದ ಕಾಗದದ ಅರ್ಧ ಭಾಗಕ್ಕೆ ರಟ್ಟು ಮುಚ್ಚಿ ಕಿಟಕಿಯಲ್ಲಿಡಿ. ಆಟಕ್ಕಾದರೆ ಶಂಖಪುಷ್ಪದ ನೀಲಿ ಮೇಲೆ ನಿಂಬೆರಸ ಹನಿಸಿ ನೋಡಿ, ಗುಲಾಬಿಗೆ ತಿರುಗುತ್ತದೆ.

ಪ್ರಶ್ನೆ: ಹೊರಗೆ ಚೆನ್ನಾಗಿ ಕಂಡ ಚಿತ್ರ ಮನೆಗೆ ಬಂದರೆ ಮಂಕಾಗಿ, ಕಪ್ಪಾಗಿ ಕಾಣುವುದೇಕೆ?

ಉತ್ತರ: ಕಾಗದದ ಮೇಲೆ ನೇರ ಬಿಸಿಲು ಬಿದ್ದಿರುತ್ತದೆ. ಆ ಬೆಳಕಿನಲ್ಲಿ ಎಲ್ಲ ಬಣ್ಣವೂ ತಿಳಿಯಾಗಿ ಕಾಣುವುದರಿಂದ ಕೈ ಗಾಢವಾಗಿ ಬಳಿಯುತ್ತ ಹೋಗುತ್ತದೆ. ಮರದಡಿ ಕೂತುಕೊಳ್ಳಿ. ಕೊಡೆ ಹಿಡಿಯುವುದಾದರೆ ಕರಿ ಕೊಡೆ ಇರಲಿ, ಕೆಂಪು ಕೊಡೆಯಡಿ ಇಡೀ ಕಾಗದವೇ ಕೆಂಪಾಗುತ್ತದೆ.