‘ಸರಳವಾಗಿದೆ’ ಅಂತ ಬರೆಯೋ ಮೊದಲು ಒಂದು ಸಲ ಟೈಪ್ ಮಾಡಿ

ಜಗಳೂರಿನಿಂದ ನೀವು ಕಳಿಸಿದ ಪುಸ್ತಕ ವಿಮರ್ಶೆ ತಲುಪಿತು. ವೆಬ್ ಪುಟಗಳಿಗೆ ಪ್ರೋಗ್ರಾಂ ಬರೆಯುವ ಭಾಷೆ ಜಾವಾಸ್ಕ್ರಿಪ್ಟ್ ಕಲಿಸುವ ಕನ್ನಡ ಪುಸ್ತಕವೊಂದರ ಬಗ್ಗೆ ನಾಲ್ಕು ಪುಟ, ಜೊತೆಗೆ ಪುಸ್ತಕದ ಒಂದು ಪ್ರತಿ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ವಿಷಯವೂ ನಮ್ಮ ಪತ್ರಿಕೆಗೆ ಬೇಕಾದದ್ದೇ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಯಾಕಂದ್ರೆ ನಿಮ್ಮ ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅರ್ಧ ಪುಸ್ತಕಕ್ಕೆ ಸೇರಬೇಕು, ಆದರೆ ವಿಮರ್ಶೆಗೆ ಸಹಿ ಹಾಕಿದವರು ನೀವು.

ಸಾಲು ಇದು: “ಎರಡು ಸಂಖ್ಯೆಗಳನ್ನು ಕೂಡುವ ಉದಾಹರಣೆ ಎಷ್ಟು ಸರಳವಾಗಿದೆಯೆಂದರೆ, ಹಳ್ಳಿಯ ವಿದ್ಯಾರ್ಥಿಯೂ ಒಂದೇ ಓದಿಗೆ ಅರ್ಥ ಮಾಡಿಕೊಳ್ಳಬಲ್ಲ.”

ತಂಗಿ, ಆ ಉದಾಹರಣೆ ಟೈಪ್ ಮಾಡಿ ನೋಡಿದ್ರಾ?

ನಾನು ನೋಡಿದೆ. ಪ್ರಾಂಪ್ಟ್ (ಟೈಪ್ ಮಾಡಿ ಅಂತ ಕೇಳುವ ಪುಟ್ಟ ಕಿಟಕಿ) ಹಾಕಿ ಓದುಗನಿಂದ ಒಂದು ಸಂಖ್ಯೆ ಕೇಳುತ್ತದೆ, ಇನ್ನೊಂದು ಕೇಳುತ್ತದೆ, ನಡುವೆ ಕೂಡುವ ಚಿಹ್ನೆ ಇಟ್ಟು ಉತ್ತರ ತೋರಿಸುತ್ತದೆ. 10 ಕೊಟ್ಟೆ, 20 ಕೊಟ್ಟೆ. ಬಂದ ಉತ್ತರ 1020. ಪುಸ್ತಕದಲ್ಲಿ ಅಚ್ಚಾದ ಉತ್ತರ 30. ಅಂದರೆ ಬರೆದವರೂ ಅದನ್ನು ಓಡಿಸಿ ನೋಡಿಲ್ಲ, ಹೊಗಳಿದವರೂ ನೋಡಿಲ್ಲ. ಪ್ರಾಂಪ್ಟ್‌ಗೆ ಏನೇ ಟೈಪ್ ಮಾಡಿದರೂ ಜಾವಾಸ್ಕ್ರಿಪ್ಟ್ ಅದನ್ನು ಅಕ್ಷರಗಳ ಸಾಲು ಅಂತಲೇ, ಅಂದರೆ ಸ್ಟ್ರಿಂಗ್ ಅಂತಲೇ ಇಟ್ಟುಕೊಳ್ಳುತ್ತದೆ. ಎರಡು ಸ್ಟ್ರಿಂಗ್ ನಡುವೆ ಕೂಡುವ ಚಿಹ್ನೆ ಬಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ಮೊದಲು ನಂಬರ್ ಆಗಿ ಬದಲಾಯಿಸಿಕೊಳ್ಳಬೇಕು, ಪುಸ್ತಕದಲ್ಲಿ ಆ ಹೆಜ್ಜೆಯೇ ಇಲ್ಲ.

ಮಜಾ ಇರೋದು ಅದರ ಮುಂದಿನ ಪುಟದಲ್ಲಿ. ಅಲ್ಲಿ ಕಳೆಯುವ ಉದಾಹರಣೆ ಇದೆ. 20ರಲ್ಲಿ 10 ಕಳೆದರೆ 10, ಸರಿಯಾಗಿಯೇ ಬರುತ್ತದೆ! ಕಳೆಯುವ ಚಿಹ್ನೆಗೆ ಅಂಟಿಸುವ ಕೆಲಸ ಗೊತ್ತಿಲ್ಲ, ಅದಕ್ಕೇ ಸ್ಟ್ರಿಂಗನ್ನು ತಾನೇ ನಂಬರ್ ಮಾಡಿಕೊಳ್ಳುತ್ತದೆ. ಈಗ ನಿಮ್ಮ ಆ ‘ಹಳ್ಳಿಯ ವಿದ್ಯಾರ್ಥಿ’ಯ ಜಾಗದಲ್ಲಿ ಕೂತು ನೋಡಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ ಓದಿ, ದಾವಣಗೆರೆಯಲ್ಲಿ ಡಿಪ್ಲೊಮಾ ಸೇರಿ, ಹಾಸ್ಟೆಲಿನಲ್ಲಿ ಯಾರದೋ ಲ್ಯಾಪ್‌ಟಾಪ್ ಕೇಳಿ ತಗೊಂಡು ಕೂತಿರುವ ಹುಡುಗ ಅವನು. ಕೂಡಿದರೆ ತಪ್ಪು, ಕಳೆದರೆ ಸರಿ. ಪುಸ್ತಕದಲ್ಲಿ 30 ಅಂತಿದೆ, ಅವನ ಎದುರು 1020 ಇದೆ. ತಪ್ಪು ಪುಸ್ತಕದ್ದು ಅಂತ ಅವನಿಗೆ ಹೊಳೆಯೋದೇ ಇಲ್ಲ, ‘ನನ್ನ ತಲೆಗೆ ಇದು ಹತ್ತೋದಲ್ಲ’ ಅಂದುಕೊಂಡು ಎದ್ದು ಹೋಗುತ್ತಾನೆ. ಅವನನ್ನು ಹಿಡಿದು ಕೂರಿಸೋದಕ್ಕೆ ಆ 1020ಕ್ಕಿಂತ ಒಳ್ಳೆ ಸಂದರ್ಭ ಇತ್ತಾ? ಬೇಕಂತಲೇ ತಪ್ಪು ಉತ್ತರ ತೋರಿಸಿ, ಯಾಕೆ ಹೀಗಾಯ್ತು ಅಂತ ಕೇಳಿ, ಅರ್ಧ ಪುಟ ವಿವರಿಸಬಹುದಿತ್ತು.

ಇನ್ನೂ ಇದೆ. ಎರಡರಲ್ಲಿ ದೊಡ್ಡ ಸಂಖ್ಯೆ ಹುಡುಕುವ ಪ್ರೋಗ್ರಾಂ, “ಅಂಕಗಳ ಹೋಲಿಕೆಗೆ ಬಹಳ ಉಪಯುಕ್ತ” ಅಂತ ನೀವು ಬರೆದಿರೋದು. ಅಲ್ಲೂ ಪ್ರಾಂಪ್ಟ್, ಅಲ್ಲೂ ನಂಬರ್ ಮಾಡಿಕೊಂಡಿಲ್ಲ. 40, 60 ಕೊಟ್ಟರೆ 60 ದೊಡ್ಡದು ಅನ್ನುತ್ತದೆ, ನಂಬಿಕೆ ಬರುತ್ತದೆ. 95, 100 ಕೊಡಿ. 95 ದೊಡ್ಡದು ಅನ್ನುತ್ತದೆ! ಸ್ಟ್ರಿಂಗ್‌ಗಳನ್ನು ಅದು ಹೋಲಿಸೋದು ನಿಘಂಟಿನ ಕ್ರಮದಲ್ಲಿ, 95ರ ಮೊದಲ ಅಕ್ಷರ 9, 100ರ ಮೊದಲ ಅಕ್ಷರ 1 ಆದಮೇಲೆ ಬರುತ್ತದೆ, ಆಮೇಲೆ ಬಂದದ್ದೇ ದೊಡ್ಡದು, ಅಲ್ಲಿಗೆ ಕತೆ ಮುಗೀತು. ನೂರಕ್ಕೆ ನೂರು ತಗೊಂಡ ಹುಡುಗಿ ಎರಡನೇ ಸ್ಥಾನಕ್ಕೆ ಹೋದಳು, ನೀವು ಅದನ್ನು ಉಪಯುಕ್ತ ಅಂದಿರಿ.

ನನಗೆ ಈ ಕೆಲಸ ಕಲಿಸಿದವರು ಇಲ್ಲೇ ದಾವಣಗೆರೆಯ ಒಂದು ಸಣ್ಣ ಪತ್ರಿಕೆಯ ಸಂಪಾದಕರು. ಕಂಪ್ಯೂಟರ್ ಮುಟ್ಟಿದವರಲ್ಲ. ಅಡುಗೆ ಅಂಕಣಕ್ಕೆ ಯಾರಾದರೂ ಬರೆದು ಕಳಿಸಿದರೆ ಮನೆಯಲ್ಲಿ ಮಾಡಿಸಿ ತಿಂದ ಮೇಲೆಯೇ ಅಚ್ಚಿಗೆ ಕೊಡೋರು, ಬಸ್ಸಿನ ವೇಳಾಪಟ್ಟಿ ಹಾಕೋದಿದ್ದರೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಅಟ್ಟೋರು. ನಾನು ಸೇರಿದ ಹೊಸದರಲ್ಲಿ ಮನೆಯ ಸಾಮಾನು ರಿಪೇರಿ ಮಾಡೋದು ಹೇಗೆ ಅಂತ ಒಂದು ಪುಸ್ತಕ ವಿಮರ್ಶೆಗೆ ಬಂದಿತ್ತು. ಪುಸ್ತಕದ ಜೊತೆ ಒಂದು ಪಂಪ್ ಸ್ಟೌ ತಂದು ನನ್ನ ಮೇಜಿನ ಮೇಲೆ ಇಟ್ಟು, “ಬಿಚ್ಚು, ಇದರಲ್ಲಿ ಹೇಳಿದ ಹಾಗೆ ಜೋಡಿಸು, ಉರಿದರೆ ಬರಿ” ಅಂದರು. ಬರ್ನರ್, ನಿಪ್ಪಲ್, ಪಿನ್ನು ಎಲ್ಲಾ ಪುಸ್ತಕದ ಪ್ರಕಾರ ಸಲೀಸಾಗಿ ಕೂತವು. ಪಂಪ್ ಹೊಡೆದರೆ ಮಾತ್ರ ಗಾಳಿಯೇ ತುಂಬಲಿಲ್ಲ. ಪಂಪಿನ ಚರ್ಮದ ವಾಷರ್‌ಗೆ ಎಣ್ಣೆ ಸವರಿ, ಅದರ ಬಟ್ಟಲಿನಂಥ ಬಾಯಿ ಕೆಳಗೆ ಬರುವ ಹಾಗೆ ಹಾಕಬೇಕು. ಪುಸ್ತಕದಲ್ಲಿ ‘ವಾಷರ್ ಹಾಕಿ’ ಅಂತಷ್ಟೇ ಇತ್ತು, ಯಾವ ಕಡೆ ಮುಖ ಮಾಡಿ ಅಂತ ಇರಲಿಲ್ಲ. ಸ್ಟೌ ರಿಪೇರಿಯವನ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ವಿಮರ್ಶೆ ಪೂರ್ತಿ ಆ ಒಂದು ಪುಟದ ಬಗ್ಗೆಯೇ ಬರೆದೆ, ಯಜಮಾನರು ಒಂದಕ್ಷರ ತಿದ್ದದೆ ಹಾಕಿದರು. ಆಮೇಲೆ ಲೇಖಕರು ಜಗಳಕ್ಕೆ ಬಂದಾಗ ಅವರಿಗೂ ಚಹಾ ಕೊಟ್ಟು, ಅದೇ ಸ್ಟೌ ಬಿಚ್ಚಿ ಮುಂದಿಟ್ಟರು. ಆವತ್ತು ನಾನು ನಕ್ಕಷ್ಟು ಆ ಆಫೀಸಿನಲ್ಲಿ ಮತ್ತೆ ನಗಲಿಲ್ಲ.

ಹೋಗಲಿ, ನಿಮ್ಮ ಇನ್ನೊಂದು ಸಾಲಿಗೆ ಬರ್ತೀನಿ. “ಮುದ್ರಣ ಅಚ್ಚುಕಟ್ಟಾಗಿದೆ, ಪುಟ ವಿನ್ಯಾಸ ಆಕರ್ಷಕ.” ಕಾದಂಬರಿಗೆ ಈ ಮಾತು ನಡೆಯುತ್ತದೆ. ಕೋಡ್ ಇರುವ ಪುಸ್ತಕದಲ್ಲಿ ಅಚ್ಚುಕಟ್ಟು ಅನ್ನೋದೇ ಮುಳ್ಳಾಗಬಹುದು. ಉದ್ಧರಣ ಚಿಹ್ನೆಗಳನ್ನು ನೋಡಿ. ಪುಸ್ತಕದ ತುಂಬಾ ಅವು ಬಾಗಿದ ಚಿಹ್ನೆಗಳು. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಆ ಸೆಟ್ಟಿಂಗ್ ಹಾಕಿಟ್ಟಿದ್ದರೆ ಚಿಹ್ನೆ ತಾನಾಗಿಯೇ ಬಾಗುತ್ತದೆ, ನೋಡೋದಕ್ಕೆ ಚಂದ, ಡಿಟಿಪಿಯವರ ತಪ್ಪೂ ಅಲ್ಲ. ಆದರೆ ಜಾವಾಸ್ಕ್ರಿಪ್ಟ್‌ಗೆ ನೆಟ್ಟಗಿನ ಚಿಹ್ನೆಯೇ ಬೇಕು, ಬಾಗಿದ್ದು ಕಂಡರೆ ‘ಇನ್‌ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಅಂತ ಬೈದು ನಿಂತುಬಿಡುತ್ತದೆ. ಈ ಪುಸ್ತಕ ಶುರುವಿನಲ್ಲೇ “ನೋಟ್‌ಪ್ಯಾಡ್ ಅಥವಾ ವರ್ಡ್‌ನಲ್ಲಿ ಟೈಪ್ ಮಾಡಿ” ಅನ್ನುತ್ತದೆ. ವರ್ಡ್ ಕೂಡ ಚಿಹ್ನೆಯನ್ನು ತಾನೇ ಬಾಗಿಸುತ್ತದೆ! ಹುಡುಗ ಪುಸ್ತಕವನ್ನೂ ಪರದೆಯನ್ನೂ ಅಕ್ಷರ ಅಕ್ಷರ ತಾಳೆ ನೋಡುತ್ತಾನೆ, ಎರಡೂ ಒಂದೇ ಥರ ಕಾಣುತ್ತವೆ. ಬ್ರೌಸರಿನಲ್ಲಿ ಎಫ್12 ಒತ್ತಿ ಕನ್ಸೋಲ್, ಅಂದರೆ ತಪ್ಪುಗಳನ್ನು ತೋರಿಸುವ ಕಿಟಕಿ, ತೆರೆದರೆ ಆ ಬೈಗುಳವಾದರೂ ಕಾಣುತ್ತಿತ್ತು. ಕನ್ಸೋಲ್ ಅನ್ನುವ ಶಬ್ದವೇ ಪುಸ್ತಕದಲ್ಲಿ ಇಲ್ಲ. ಅವನಿಗೆ ಕಾಣೋದು ಖಾಲಿ ಪುಟ ಮಾತ್ರ.

ಇದಕ್ಕಿಂತ ಕೆಟ್ಟದ್ದು ಫಂಕ್ಷನ್ ಅಧ್ಯಾಯದ ಬಡ್ಡಿ ಲೆಕ್ಕ. ಪುಸ್ತಕದ ಅಗಲ ಕಡಿಮೆ, ಸಾಲು ಹಿಡಿಯಲಿಲ್ಲ ಅಂತ ಉತ್ತರವನ್ನು ವಾಪಸ್ ಕೊಡು ಅನ್ನುವ ‘ರಿಟರ್ನ್’ ಪದವನ್ನು ಒಂದು ಸಾಲಲ್ಲಿ ಬಿಟ್ಟು, ಲೆಕ್ಕವನ್ನು ಕೆಳಗಿನ ಸಾಲಿಗೆ ಇಳಿಸಿದ್ದಾರೆ. ಹಾಗೇ ಟೈಪ್ ಮಾಡಿದರೆ ಜಾವಾಸ್ಕ್ರಿಪ್ಟ್ ‘ರಿಟರ್ನ್’ ಆದ ತಕ್ಷಣ ಒಂದು ಸೆಮಿಕೋಲನ್, ಅಂದರೆ ಮಾತು ಮುಗಿದ ಗುರುತು, ಇದೆ ಅಂತ ತಾನೇ ಭಾವಿಸಿ ಬರಿಗೈಯಲ್ಲಿ ವಾಪಸ್ ಬರುತ್ತದೆ. ಉತ್ತರ ‘ಅನ್‌ಡಿಫೈನ್ಡ್’, ಅಂದರೆ ಏನೂ ಇಲ್ಲ. ಎರರ್ ಕೂಡ ಇಲ್ಲ, ಕನ್ಸೋಲ್ ಗೊತ್ತಿದ್ದರೂ ಪ್ರಯೋಜನವಿಲ್ಲ. ಅಚ್ಚಿನ ಸಾಲು ಮುರಿದರೆ ಲೆಕ್ಕವೇ ಮುರಿಯುತ್ತದೆ ಅಂತ ಪುಟ ಕಟ್ಟುವವರಿಗೆ ಯಾರು ಹೇಳಬೇಕಿತ್ತು? ಪುಟ ಕಟ್ಟಿಯೇ ಬೆಳೆದವನು ನಾನು, ಈ ಒಂದು ವಿಷಯಕ್ಕೆ ನನ್ನ ಹೊಟ್ಟೆ ಜಾಸ್ತಿನೇ ಉರಿಯುತ್ತೆ, ಒಪ್ತೀನಿ.

‘ಜಾವಾಸ್ಕ್ರಿಪ್ಟ್ ಎಂಬುದು ಜಾವಾದ ಸರಳ ರೂಪ’ ಅನ್ನುವ ಸಾಲು ಹೊಡೆದುಹಾಕಿ. ಅದು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಮೊದಲ ರೂಪ ಕೊಟ್ಟ ಬೇರೆಯದೇ ಭಾಷೆ, ಆಗ ಜಾವಾದ ಹವಾ ಇತ್ತು ಅಂತ ಆ ಹೆಸರು ಅಂಟಿತು. ‘ಇತ್ತೀಚಿನ ವಿಧಾನಗಳು’ ಅನ್ನೋದನ್ನೂ ಹೊಡೆಯಿರಿ. ಪ್ರೋಗ್ರಾಂನಲ್ಲಿ ಬೆಲೆಗಳಿಗೆ ಹೆಸರಿಡೋದಕ್ಕೆ 2015ರಲ್ಲಿ ಬಂದ ಲೆಟ್, ಕಾನ್ಸ್ಟ್ ಎರಡೂ ಈ ಪುಸ್ತಕದಲ್ಲಿ ಇಲ್ಲ. ಅಧ್ಯಾಯಗಳ ಪಟ್ಟಿ ಪರಿವಿಡಿಯಲ್ಲೇ ಇದೆ, ನಿಮ್ಮ ಒಂದಿಡೀ ಪುಟ ಅದಕ್ಕೆ ಹೋಗಿದೆ, ಬೇಡ.

“ಕನ್ನಡಿಗರಿಗಾಗಿಯೇ ಬರೆದ ಪುಸ್ತಕ” ಅನ್ನೋ ಮಾತು ಮಾತ್ರ ಬಿಡಬೇಡಿ, ಅದನ್ನು ಪರೀಕ್ಷೆ ಮಾಡಿ. ಉದಾಹರಣೆಗಳಲ್ಲೆಲ್ಲ ಹೆಸರು ಜಾನ್, ಊರು ಲಂಡನ್. ಒಂದು ಕನ್ನಡ ಪದ ಕೊಟ್ಟು ಅದರ ಉದ್ದ ಎಷ್ಟು ಅಂತ ಕೇಳುವ ಒಂದು ಉದಾಹರಣೆಯೂ ಇಲ್ಲ. ನೀವೇ ಕೇಳಿ ನೋಡಿ. ‘ಕನ್ನಡ’ ಅಂತ ಕೊಟ್ಟು ಲೆಂಗ್ತ್ ಕೇಳಿದರೆ ಮೂರು ಬರೋದಿಲ್ಲ, ಐದು ಬರುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ‘ದಾವಣಗೆರೆ’ಗೆ ಎಂಟು, ದೀರ್ಘ, ಏತ್ವ ಎಲ್ಲಾ ಬೇರೆ ಬೇರೆ ಲೆಕ್ಕ. ಫಾರಂನಲ್ಲಿ ‘ಹೆಸರು ಹತ್ತು ಅಕ್ಷರ ಮೀರಬಾರದು’ ಅಂತ ಹಾಕಿದರೆ ನಮ್ಮವರ ಎಷ್ಟೋ ಹೆಸರು ಅರ್ಧಕ್ಕೇ ನಿಲ್ಲುತ್ತವೆ. ಇಂಗ್ಲಿಷಿನ ಪುಸ್ತಕದವರು ಇದನ್ನು ಹೇಳದಿದ್ದರೆ ನಡೀತದೆ, ಕನ್ನಡದವರು ಹೇಳದೆ ಇನ್ಯಾರು ಹೇಳಬೇಕು?

ಈಗ ಕೆಲಸ. ಪುಸ್ತಕದ ಪ್ರತಿ ವಾಪಸ್ ಕಳಿಸ್ತಿದ್ದೀನಿ. ಮೊದಲ ಮೂರು ಅಧ್ಯಾಯದ ಉದಾಹರಣೆಗಳನ್ನು ಇದ್ದ ಹಾಗೇ ಟೈಪ್ ಮಾಡಿ, ಒಂದನ್ನೂ ತಿದ್ದಬೇಡಿ. ಸಾಧ್ಯವಾದರೆ ಕಂಪ್ಯೂಟರ್ ಗೊತ್ತಿಲ್ಲದ ತಮ್ಮನೋ ತಂಗಿಯೋ ಇದ್ದರೆ ಅವರ ಕೈಲಿ ಮಾಡಿಸಿ, ಪಕ್ಕದಲ್ಲಿ ಸುಮ್ನೆ ಕೂತು ಎಲ್ಲಿ ಕೈ ನಿಂತಿತು ಅಂತ ಬರೆದುಕೊಳ್ಳಿ. ಚೆನ್ನಾಗಿ ಓಡಿದ್ದನ್ನೂ ಬರೆಯಿರಿ, ಲೂಪ್ ಅಧ್ಯಾಯದ ಮಗ್ಗಿ ನನ್ನಲ್ಲಿ ಸರಿಯಾಗಿ ಓಡಿತು, ವಿವರಣೆಯೂ ಚೆನ್ನಾಗಿದೆ. ಲೇಖಕರಿಗೆ ಬೇಸರವಾಗುತ್ತೆ ಅಂತ ನೀವು ಪತ್ರದಲ್ಲಿ ಅಂಜಿಕೊಂಡಿದ್ದೀರಿ. ಆಗಲಿ. ಪುಟ ಸಂಖ್ಯೆ, ಅಚ್ಚಾದ ಉತ್ತರ, ನಿಮಗೆ ಬಂದ ಉತ್ತರ, ಈ ಮೂರನ್ನೂ ಕೊಟ್ಟರೆ ಅವರು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಎರಡು ಪುಟ ಸಾಕು. ಬರೆದು ಕಳಿಸಿ, ನಾನು ಮತ್ತೆ ಟೈಪ್ ಮಾಡಿ ನೋಡಿಯೇ ಹಾಕ್ತೀನಿ.