ಜವಾನರಿಗೆ ದೀಪಾವಳಿ ಫರಾಳ: 400 ಸಾಧಾರಣ ಡಬ್ಬಿಯೋ, 100 ಒಳ್ಳೆಯ ಡಬ್ಬಿಯೋ?

ಡೊಂಬಿವಲಿಯ ನಿಮ್ಮ ಮಹಿಳಾ ಮಂಡಳದ ಹತ್ತಿರ 60,000 ರೂಪಾಯಿ ಕೂಡಿದೆ, ಗಡಿಯ ಜವಾನರಿಗೆ ಫರಾಳದ, ಅಂದರೆ ಹಬ್ಬದ ತಿಂಡಿಯ, 400 ಸಾಧಾರಣ ಡಬ್ಬಿ ಕಳಿಸೋದೋ, 100 ಒಳ್ಳೆಯ ಡಬ್ಬಿ ಕಳಿಸೋದೋ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸಂಕಟವೂ ಆಯಿತು. ಪುಣೆಯ ಕೋಥರೂಡದಲ್ಲಿ ನಾವು ಹೆಂಗಸರು ಇದೇ ಲೆಕ್ಕ ಹಾಕಿಕೊಂಡು ಕೂತಿದ್ದೆವು. ನಮ್ಮ ಡಬ್ಬಿಗಳ ಸಂಖ್ಯೆ 500.

500 ಬಂದದ್ದು ಬ್ಯಾನರಿನಿಂದ. ಗಣಪತಿ ಪೆಂಡಾಲಿನಲ್ಲಿ ಪಟ್ಟಿ ಎತ್ತುವಾಗ ಯಾರೋ ಹುರುಪಿನಲ್ಲಿ ‘500 ಜವಾನರಿಗೆ ದೀಪಾವಳಿ ಫರಾಳ’ ಅಂತ ಬರೆಸಿಬಿಟ್ಟರು. ಬರೆಸಿದ ಮೇಲೆ ಇಳಿಸೋಕೆ ಯಾರಿಗೂ ಮನಸ್ಸಿಲ್ಲ. ಕೂಡಿದ ದುಡ್ಡು, ಕರಿಯುವ ಕೈ ಎರಡೂ ಸಾಲಲಿಲ್ಲ. ಹಾಗಾಗಿ ಒಂದು ಡಬ್ಬಿಗೆ ಎರಡು ಬೇಸನ್ ಉಂಡಿ, ಮೂರು ಚಕ್ಕುಲಿ, ಒಂದು ಮುಷ್ಟಿ ಶಂಕರಪಾಳಿ. ಪುಣೆಯ ಬೋಹರಿ ಆಳಿ ಪೇಟೆಯಿಂದ ತಂದ ಡಬ್ಬಿ ಮಾತ್ರ ದೊಡ್ಡದು. ಮುಚ್ಚಳ ತೆಗೆದರೆ ಒಳಗೆ ಬರೀ ಜಾಗ, ನೋಡೋಕೆ ನಾಚಿಕೆ ಅನ್ನಿಸುವಂತಿತ್ತು.

ಆಗಲೇ ಒಬ್ಬರು ಮೈಸೋಪಿನ ಕಾರ್ಟನ್‌ಗಳನ್ನು ಪುಕ್ಕಟೆ ತಂದುಕೊಟ್ಟರು. ಡಬ್ಬಿಗೊಂದು ಸೋಪು ತುರುಕಿದೆವು. ಡಬ್ಬಿ ತುಂಬಿತು, ಫೋಟೋದಲ್ಲಿ ಚಂದ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದನ್ನೇ ಮಾಡ್ತೀರಿ. ತುಪ್ಪ, ಎಣ್ಣೆ ಹಿಡಿದ ತಿನಿಸು ಪಕ್ಕದಲ್ಲಿದ್ದದ್ದರ ವಾಸನೆ ಎಳೆದುಕೊಳ್ಳುತ್ತದೆ. ಬೇಸನ್ ಉಂಡಿ ಅಂದರೆ ಅರ್ಧ ತುಪ್ಪವೇ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ನಿಂತೀತು, ಸೋಪಿನ ಘಮ ನಿಲ್ಲೋದಿಲ್ಲ. ಮನೆಯಲ್ಲಿ ಒಂದು ದಿನ ಇಟ್ಟು ನೋಡಿದರೆ ಏನೂ ಗೊತ್ತಾಗಲ್ಲ. ನಾವು ನೋಡಿದ್ದೆವು, ಗೊತ್ತಾಗಲಿಲ್ಲ. ಆದರೆ ಆ ಡಬ್ಬಿ ಬಿಗಿಯಾಗಿ ಮುಚ್ಚಿಕೊಂಡು 26 ದಿನ ಗೋಣಿಚೀಲದಲ್ಲಿ, ರೈಲಿನಲ್ಲಿ, ಟ್ರಕ್ಕಿನಲ್ಲಿ ಓಡಾಡಿತು. ಸೋಪಿಗೆ ಕಾಗದ ಸುತ್ತಿದ್ದೆವಲ್ಲ ಅಂತ ವಾದಿಸಬೇಡಿ, ನಾನೂ ವಾದಿಸಿದವಳೇ.

ನನ್ನ ತಂಗಿಯ ಮಗ ಲೇಹದ ಕಡೆ ಇದ್ದ. ಅವನ ಯೂನಿಟ್ಟಿಗೇ ಹೋದದ್ದು. ಫೋನ್ ಮಾಡಿದವನು ಮೊದಲು ‘ಬಂತು, ಭಾಳ ಚಲೋ’ ಅಂದ. ಕೆದಕಿದ ಮೇಲೆ, “ದೊಡ್ಡವ್ವಾ, ಬ್ಯಾಸರ ಮಾಡ್ಕೋಬ್ಯಾಡ. ಆ ಉಂಡಿ ತಿನ್ನೂದೋ, ಮೈಗೆ ಹಚ್ಚಿಕೊಂಡು ಜಳಕಾ ಮಾಡೂದೋ?” ಚಕ್ಕುಲಿ ಪುಡಿಯಾಗಿತ್ತಂತೆ, ಆ ಪುಡಿಗೂ ಮಲ್ಲಿಗೆ ವಾಸನೆ.

ಅದೇ ಸಲ ನನ್ನ ತಂಗಿ ಬ್ಯಾರೆಯಾಗಿ ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಕಿಲೋ ಶೇಂಗಾ ಚಟ್ನಿ ಪುಡಿ ಕಳಿಸಿದ್ದಳು. ಅದು ಲಂಗರ್‌ನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ, ದಾಲ್ ರೊಟ್ಟಿ ಜೊತೆ ಐದು ದಿನಕ್ಕೆ ಖಾಲಿ. ಗಢವಾಲದ ಹುಡುಗನೊಬ್ಬ ಡಬ್ಬಿಯ ತಳ ರೊಟ್ಟಿಯಿಂದ ಒರೆಸಿ ತಿಂದನಂತೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ತಲೆಗೊಂದು ಡಬ್ಬಿ ಅಂತ ಎಣಿಸೋದು ಯಾಕೆ? ಅವರು ಉಪವಾಸ ಇಲ್ಲ, ರೇಷನ್ ಬೇಕಾದಷ್ಟಿದೆ. ಬೆಚ್ಚನೆ ಬಟ್ಟೆಯೂ ಸೈನ್ಯವೇ ಕೊಡುತ್ತದೆ, ನಮ್ಮ ತುಳಶಿಬಾಗ ಪೇಟೆಯ ಉಲ್ಲನ್ ಟೊಪ್ಪಿಗೆ ಆ ಚಳಿಗೆ ಯಾವ ಲೆಕ್ಕ! ಬಾಯಿಗೆ ಮನೆಯ ರುಚಿ ಬೇಕು, ಅಷ್ಟೇ. ಪದಾತಿ ದಳದಲ್ಲಿ ಒಂದು ಸೆಕ್ಷನ್ ಅಂದರೆ ಸುಮಾರು ಹತ್ತು ಜನ, ಇರೋದು ಉಣ್ಣೋದು ಕೂಡಿಯೇ. ಟಪಾಲು ಖರ್ಚು ಸೇರಿಸಿ 1,500 ರೂಪಾಯಿಯ 40 ದೊಡ್ಡ ಡಬ್ಬ ಮಾಡಿ. ಅದೇ 400 ಜನರಿಗೆ ಮುಟ್ಟೀತು, ಒಳಗಿನದೂ ತಿನ್ನುವಂತಿರುತ್ತದೆ.

ಚಟ್ನಿ ಪುಡಿ, ಶೇಂಗಾ ಉಂಡಿ, ಅಳ್ಳಿಟ್ಟು ಹಾಕಿ. ಹಸಿ ಕೊಬ್ಬರಿ ಬೀಳುವ ಕರಜಿಕಾಯಿ ಬೇಡವೇ ಬೇಡ. ಚೀಲ ಸೀಲ್ ಮಾಡುವ ಮೊದಲು ಗಾಳಿ ಒತ್ತಿ ತೆಗೆಯಿರಿ. ಲೇಹ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಗಾಳಿ ತುಂಬಿದ ಪ್ಯಾಕೆಟ್ ಬಲೂನಿನಂತೆ ಉಬ್ಬುತ್ತದೆ, ಒಡೆಯಲೂಬಹುದು. ವಿಳಾಸ ಸಿ/ಓ 56 ಎಪಿಒ ಅಥವಾ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಅಂತ ಇರುತ್ತದೆ, 9ರಿಂದ ಶುರುವಾಗುವ ಪಿನ್ ಜೊತೆಗೆ. ಊರಿನ ಹೆಸರು ಬರೆಯೋ ಹಾಗಿಲ್ಲ. ಅಂಚೆ ಕಚೇರಿಯಿಂದಲೇ ಕಳಿಸಿ. ಕಟ್ಟುವ ಮುಂಚೆ ಅಲ್ಲಿರುವ ಯಾರನ್ನಾದರೂ ಕೇಳಿ, ಎಷ್ಟು ಸೆಕ್ಷನ್ನಿಗೆ ಅಂತ. ನಾವು ಕೇಳಿದ್ದು ಕಳಿಸಿದ ಮೇಲೆ.

ಸೋಪು ಯಾರಾದರೂ ಕೊಟ್ಟರೆ ತಗೊಳ್ಳಿ, ನಿಮ್ಮ ಬಚ್ಚಲಿಗೆ ಆಗುತ್ತದೆ.

ಚಟ್ನಿಗೆ ನನ್ನ ತಂಗಿಯ ಅಳತೆ: 1 ಕಿಲೋ ಶೇಂಗಾ, 100 ಗ್ರಾಂ ಬಳ್ಳೊಳ್ಳಿ, ಖಾರಪುಡಿ ನಿಮ್ಮ ನಾಲಿಗೆ ನೋಡಿ, ಜೀರಿಗೆ, ಉಪ್ಪು. ಶೇಂಗಾ ಸಣ್ಣ ಉರಿಯಲ್ಲಿ ಹುರಿಯಿರಿ. ಬಳ್ಳೊಳ್ಳಿಯ ಹಸಿ ಪೂರ್ತಿ ಆರುವ ತನಕ ಬಾಡಿಸಿ, ಇಲ್ಲದಿದ್ದರೆ ದಾರಿಯಲ್ಲೇ ಬೂಸಲು ಹಿಡಿಯುತ್ತದೆ.