ಪಾರ್ಕಿನಲ್ಲಿ ಸೈಕಲ್: ಬೇಡವೇ ಬೇಡವಾ?

ಪ್ರಶ್ನೆ: ವಿನೋಬನಗರದ ನಮ್ಮ ಪಾರ್ಕಿಗೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ಹೈಸ್ಕೂಲ್ ಹುಡುಗರು ಸೈಕಲ್ ತಂದು ಬೆನ್ನ ಹಿಂದಿನಿಂದ ಸರ್ರನೆ ಹಾದುಹೋಗುತ್ತಾರೆ. ಸೈಕಲ್ ಪೂರ್ತಿ ನಿಲ್ಲಿಸಿ ಅಂತ ಅರ್ಜಿ ಕೊಡೋಣವೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಗೇಟಿನಲ್ಲಿ ‘ಸೈಕಲ್ ನಿಷೇಧ’ ಬೋರ್ಡ್ ಇದ್ದರೆ ಮಾತೇ ಮುಗಿಯಿತು ಮೇಡಂ. ಇಲ್ಲದಿದ್ದರೆ ಅರ್ಜಿ ಸ್ವಲ್ಪ ತಡೆಯಿರಿ. ಮೊಬೈಲ್ ಬಿಟ್ಟು ಹುಡುಗರು ಸೈಕಲ್ ಹತ್ತಿದ್ದಾರಲ್ಲ, ಅದೇ ನನಗೆ ಖುಷಿ!

ಆದರೆ ನಿಮ್ಮ ಭಯ ಸುಮ್ನೆ ಅಲ್ಲ. ನಾವು ಗಂಟೆಗೆ 5 ಕಿ.ಮೀ. ನಡೆದರೆ ಸೈಕಲ್ 15 ಕಿ.ಮೀ. ಓಡುತ್ತದೆ. 10 ಮೀಟರ್ ಹಿಂದಿದ್ದ ಹುಡುಗ ನಿಮ್ಮ ಪಕ್ಕಕ್ಕೆ ಬರಲು ನಾಲ್ಕು ಸೆಕೆಂಡೂ ಬೇಡ. ಹಾಗಾಗಿ ಬೆಲ್ ದೂರದಿಂದಲೇ ಹೊಡೆಯಬೇಕು. ಕಿವಿ ಹತ್ತಿರ ಹೊಡೆದರೆ ಬೆಚ್ಚಿಬಿದ್ದು ಅವನ ದಾರಿಗೇ ಹಾರುತ್ತೇವೆ, ಅಲ್ವಾ?

ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಇಂಟರ್‌ಲಾಕ್ ಕಲ್ಲಿನ ಮೇಲೆ ಹಸಿರು ಪಾಚಿ, ನೆನೆದ ರಿಮ್ಮಿನ ಮೇಲೆ ಜಾರುವ ಬ್ರೇಕ್ ರಬ್ಬರ್. ಹುಡುಗ ಬ್ರೇಕ್ ಹಿಡಿದರೂ ಸೈಕಲ್ ಬೇಗ ನಿಲ್ಲುವುದಿಲ್ಲ. ಆಗ ಇಳಿದು ತಳ್ಳಿಕೊಂಡು ಹೋಗಲಿ.

ನಮ್ಮದೂ ಇದೆ. ನಾಲ್ಕು ಜನ ಕೈ ಬೀಸಿಕೊಂಡು ದಾರಿ ತುಂಬ ನಡೆದರೆ ಸೈಕಲ್ ಹೋಗುವುದೆಲ್ಲಿ? ಎಡಕ್ಕಿರಿ, ಇಬ್ಬರಾಗಿ ನಡೆಯಿರಿ.

ಅರ್ಜಿ ಬರೆಯಲೇಬೇಕಾದರೆ ಪಾಚಿ ಉಜ್ಜಿಸಿ, ಬೆಳಗಿನ ವಾಕಿಂಗ್ ಹೊತ್ತು ಬಿಟ್ಟು ಸೈಕಲ್ಲಿಗೆ ಬೇರೆ ಸಮಯ ಕೊಡಿ ಅಂತ ಪಾಲಿಕೆಗೆ ಬರೆಯಿರಿ. ಹುಡುಗರ ಸಹಿಯನ್ನೂ ಹಾಕಿಸಿ.